5 ಕೆ.ಜಿ. ಉಪಕರಣ, 100 ಕಿ.ಮೀ. ಎತ್ತರ: ಖಾಸಗಿ ಸೌಂಡಿಂಗ್ ರಾಕೆಟ್‌ಗೆ ಘನವೋ, ಹೈಬ್ರಿಡ್ಡೋ, ದ್ರವವೋ?

ಮೇಲ್ಗಾಳಿ
ಸೌಂಡಿಂಗ್ ರಾಕೆಟ್ (ಕಕ್ಷೆಗೆ ಹೋಗದೆ ಮೇಲೇರಿ ಮರಳುವ ರಾಕೆಟ್) ಒಂದರಲ್ಲಿ 5 ಕೆ.ಜಿ. ಉಪಕರಣವನ್ನು 100 ಕಿ.ಮೀ.ಗೆ ಏರಿಸಿ, ಮತ್ತೆ ಕೈಗೆ ಸಿಗುವ ಹಾಗೆ ಇಳಿಸಬೇಕು. ಮಾರ್ಗದರ್ಶನ ವ್ಯವಸ್ಥೆ ಇಲ್ಲ, ದಿಕ್ಕು ಕಾಯುವುದು ಫಿನ್‌ಗಳೇ (ಬಾಲದ ರೆಕ್ಕೆಗಳು). ಕಾಗದದ ಮೇಲಿರುವುದು ಇಷ್ಟು: ನೆಲ ಬಿಡುವಾಗ 150 ಕೆ.ಜಿ., ಅದರಲ್ಲಿ ಇಂಧನ 90. ಉಳಿದ 60ರಲ್ಲಿ ಉಪಕರಣವೂ ಸೇರಿದೆ. ವ್ಯಾಸ 200 ಮಿ.ಮೀ., ಉದ್ದ ಸುಮಾರು 4.5 ಮೀಟರ್. ಘನ ಮೋಟಾರ್, ಸ್ಪೆಸಿಫಿಕ್ ಇಂಪಲ್ಸ್ (ಇಂಧನದ ದಕ್ಷತೆಯ ಅಳತೆ) 220 ಸೆಕೆಂಡ್, ಉರಿಯುವ ಅವಧಿ 15 ಸೆಕೆಂಡ್.

ರಾಕೆಟ್ ಸಮೀಕರಣದಲ್ಲಿ ಸಿಗುವ ವೇಗ 1,977 ಮೀ/ಸೆ. ಗಾಳಿಯೇ ಇಲ್ಲದಿದ್ದರೆ 100 ಕಿ.ಮೀ.ಗೆ 1,400 ಮೀ/ಸೆ ಸಾಕು. ಹಾಗಾದರೆ 577 ಮೀ/ಸೆ ಕೈಯಲ್ಲಿ ಮಿಗುತ್ತದೆ. ಇದು ಸಾಕೇ? ಹೈಬ್ರಿಡ್ (ಇಂಧನ ಘನ, ಅದನ್ನು ಉರಿಸುವ ವಸ್ತು ದ್ರವ) ಅಥವಾ ದ್ರವ ಎಂಜಿನ್‌ಗೆ ಹೋದರೆ ಲಾಭವಿದೆಯೇ? ಎರಡು ಹಂತ ಮಾಡಿದರೆ ಹೇಗೆ?

ನಿರ್ವಾಹಕರು
ಚರ್ಚೆ ಬಿಸಿಯೇರುವ ಮೊದಲೇ ನೆನಪಿಸುತ್ತೇವೆ. ಇಂಧನದ ಮಿಶ್ರಣ, ಪ್ರಮಾಣ, ತಯಾರಿಸುವ ವಿಧಾನ ಇಲ್ಲಿ ಬರೆಯುವಂತಿಲ್ಲ. ಮೋಟಾರಿನ ರಚನೆ, ಒತ್ತಡ, ಪರೀಕ್ಷೆ, ಹಾರಾಟ, ಇಳಿಸುವಿಕೆ ಎಲ್ಲಕ್ಕೂ ಅಡ್ಡಿಯಿಲ್ಲ.

ಎಳೆತಬಲ
577 ಮಿಗುವುದಿಲ್ಲ ಸರ್, ಅಷ್ಟೂ ಖರ್ಚಾಗುತ್ತದೆ. 15 ಸೆಕೆಂಡ್ ಉರಿಯುವಾಗ ಗುರುತ್ವವೇ 147 ಮೀ/ಸೆ ತಿನ್ನುತ್ತದೆ. ಅದೇ ಹೊತ್ತಿಗೆ ಗಾಳಿಯ ಎಳೆತ ಇನ್ನೂರು ಚಿಲ್ಲರೆ ಕಳೆಯುತ್ತದೆ. ಕೈಲೆಕ್ಕದಲ್ಲಿ ಇಂಧನ ಮುಗಿಯುವಾಗ ನೀವು ಸುಮಾರು 11 ಕಿ.ಮೀ. ಎತ್ತರದಲ್ಲಿ 1,600 ಮೀ/ಸೆ ವೇಗದಲ್ಲಿರುತ್ತೀರಿ. ಮ್ಯಾಕ್ 5 (ಶಬ್ದದ ವೇಗದ ಐದು ಪಟ್ಟು) ದಾಟಿರುತ್ತದೆ.

ಆದರೆ ಅಲ್ಲಿಗೆ ಗಾಳಿ ಮುಗಿಯುವುದಿಲ್ಲ. 11 ಕಿ.ಮೀ. ಮೇಲೆ ಪ್ರತಿ ಚದರ ಮೀಟರಿಗೆ ಇನ್ನೂ 2,300 ಕೆ.ಜಿ. ಗಾಳಿ ಉಳಿದಿದೆ. 60 ಕೆ.ಜಿ.ಯ ಖಾಲಿ ರಾಕೆಟ್ ಅದನ್ನು ಸೀಳಿಕೊಂಡು ಹೋಗುವಾಗ ಶೇ. 15ರಷ್ಟು ವೇಗ ಹೋಗುತ್ತದೆ. ಹೊರಬೀಳುವಾಗ 1,350ರ ಆಸುಪಾಸು. 11 ಕಿ.ಮೀ. ಎತ್ತರದಿಂದಲೇ ಲೆಕ್ಕ ಶುರುವಾಗುವುದರಿಂದ 100 ಮುಟ್ಟುತ್ತದೆ, ಆದರೆ ಅಂಚಿನಲ್ಲಿ.

ಈಗ ಒಣ ತೂಕ (ಇಂಧನ ಬಿಟ್ಟ ತೂಕ) 60 ಹೋಗಿ 66 ಆಯಿತು ಅಂದುಕೊಳ್ಳಿ. ಆಗದೇ ಇರುವ ಪ್ರಾಜೆಕ್ಟ್ ಇಲ್ಲ. 2157 (ಅನಿಲ ಹೊರಚಿಮ್ಮುವ ವೇಗ) × ಸಹಜ ಲಾಗ್(156/66), ಅಂದರೆ 1,855 ಮೀ/ಸೆ. 120 ಮೀ/ಸೆ ಹೋಯಿತು, ಶಿಖರ (ಏರುವ ಗರಿಷ್ಠ ಎತ್ತರ) ಹತ್ತು ಕಿ.ಮೀ.ಗೂ ಹೆಚ್ಚು ಕೆಳಗಿಳಿಯಿತು. ಘನವೋ ದ್ರವವೋ ಎಂಬುದು ಎರಡನೇ ಪ್ರಶ್ನೆ. ಮೊದಲನೆಯದು, ಈ 60 ಕೆ.ಜಿ.ಯಲ್ಲಿ ಏನೇನಿದೆ ಎಂಬ ಪಟ್ಟಿ ನಿಮ್ಮ ಹತ್ತಿರ ಇದೆಯೇ?

ಇನ್ನೊಂದು ಮಾತು. ಈ ರಾಕೆಟ್ಟಿನ ಮೇಲೆ ಗಾಳಿಯ ಗರಿಷ್ಠ ಡೈನಮಿಕ್ ಒತ್ತಡ (ವೇಗದಿಂದ ಬೀಳುವ ಒತ್ತಡ) ಸುಮಾರು 480 ಕಿಲೋಪಾಸ್ಕಲ್. ಕಕ್ಷೆಗೆ ಹೋಗುವ ದೊಡ್ಡ ರಾಕೆಟ್‌ಗಳು 30–40ರಲ್ಲಿ ಮುಗಿಸುತ್ತವೆ. ಚಿಕ್ಕದು ಅಂದ ಮಾತ್ರಕ್ಕೆ ಸುಲಭ ಎಂದು ತಿಳಿಯಬೇಡಿ, ಗಾಳಿಯ ಮಟ್ಟಿಗೆ ಚಿಕ್ಕದೇ ಕಷ್ಟ.

ಅದೇ ಇಂಧನವನ್ನು 25 ಸೆಕೆಂಡ್ ಉರಿಸಿದರೆ ಈ 480 ಸುಮಾರು ಅರ್ಧಕ್ಕಿಳಿಯುತ್ತದೆ, ಶಿಖರವೂ ಏರುತ್ತದೆ. ಗುರುತ್ವಕ್ಕೆ ಇನ್ನೂ 100 ಮೀ/ಸೆ ಕೊಡಬೇಕು, ಆದರೆ ಗಾಳಿಯಲ್ಲಿ ಉಳಿಯುವುದು ಅದಕ್ಕಿಂತ ಹೆಚ್ಚು.

ಗ್ರೇನ್_ಗಣಿತ
ಹೇಳುವುದು ಸುಲಭ. 200 ಮಿ.ಮೀ. ಮೋಟಾರಿನಲ್ಲಿ 25 ಸೆಕೆಂಡ್ ಎಲ್ಲಿಂದ ತರುತ್ತೀರಿ? ಲೈನರ್ (ಒಳಗಿನ ಶಾಖ ತಡೆಯುವ ಪದರ) ಕಳೆದರೆ ಗ್ರೇನಿನ (ಇಂಧನದ ಗಟ್ಟಿ ದಿಮ್ಮಿ) ಹೊರವ್ಯಾಸ 180, ನಡುವಿನ ತೂತು 60. ಉರಿಯಲು ಉಳಿದ ದಪ್ಪ 60 ಮಿ.ಮೀ. 15 ಸೆಕೆಂಡಿಗೇ ಇಂಧನ ಸೆಕೆಂಡಿಗೆ 4 ಮಿ.ಮೀ.ನಂತೆ ನಿಧಾನ ಉರಿಯಬೇಕು. 25 ಬೇಕೆಂದರೆ 2.4. ಅಷ್ಟು ನಿಧಾನದ ಇಂಧನವನ್ನು ಸ್ಥಿರವಾಗಿ ಉರಿಸುವುದೇ ಕಷ್ಟ.

ಒಂದು ದಾರಿ ಇದೆ. ತೂತನ್ನು ನಡುವೆ ಬಿಡದೆ ಒಂದು ಬದಿಗೆ ಸರಿಸುವುದು, ಚಂದ್ರನ ಆಕಾರದ ಗ್ರೇನ್. ಉರಿಯುವ ದಪ್ಪ 120ರ ಹತ್ತಿರ ಹೋಗುತ್ತದೆ, 6 ಮಿ.ಮೀ. ವೇಗದಲ್ಲೂ 20 ಸೆಕೆಂಡ್ ಸಿಗುತ್ತದೆ. ಬೆಲೆ ಏನೆಂದರೆ, ತೂತು ಇರುವ ಬದಿಯ ಕೇಸ್ (ಮೋಟಾರಿನ ಹೊರಗಿನ ಕೊಳವೆ) ಮೊದಲ ಕ್ಷಣದಿಂದಲೇ ಬೆಂಕಿಗೆ ಮೈಯೊಡ್ಡುತ್ತದೆ. ಆ ಬದಿಗೆ ಲೈನರ್ ದಪ್ಪ ಹೆಚ್ಚಿಸಬೇಕು. ಗುರುತ್ವಕೇಂದ್ರವೂ ಒಂದು ಬದಿಗೆ ವಾಲಿರುತ್ತದೆ, ಹಾಗಾಗಿ ನೂಕುಬಲದ ರೇಖೆ ಅದರ ಮೂಲಕ ಹಾಯುವುದಿಲ್ಲ. ರಾಕೆಟ್ ತಿರುಗುತ್ತಾ ಏರಿದರೆ ಇದು ಸರಾಸರಿಯಾಗಿ ಸರಿಹೋಗುತ್ತದೆ, ತಿರುಗದಿದ್ದರೆ ಒಂದೇ ಕಡೆಗೆ ಬಾಗುತ್ತದೆ.

ಕೇಸಿನ ತೂಕಕ್ಕೆ ಬರೋಣ. ಒತ್ತಡ 60 ಬಾರ್ (ಒಂದು ಬಾರ್ ಅಂದರೆ ಸುಮಾರು ನೆಲಮಟ್ಟದ ಗಾಳಿಯ ಒತ್ತಡ), 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ, ಸುರಕ್ಷಾ ಗುಣಾಂಕ 1.5 ಇಟ್ಟುಕೊಂಡರೆ ಗೋಡೆ 3.3 ಮಿ.ಮೀ. ಮೀಟರಿಗೆ 5.6 ಕೆ.ಜಿ. 2.8 ಮೀಟರ್ ಕೇಸ್ ಅಂದರೆ 16 ಕೆ.ಜಿ. ನಾಜಲ್ (ಅನಿಲ ಹೊರಬರುವ ಬಾಯಿ), ಮುಚ್ಚಳ, ಲೈನರ್ ಸೇರಿದರೆ 30ರ ಹತ್ತಿರ. ನಿಮ್ಮ 60ರಲ್ಲಿ ಅರ್ಧ ಇಲ್ಲೇ ಹೋಯಿತು. ಕಾರ್ಬನ್ ನೂಲು ಸುತ್ತಿದ ಕೇಸ್ ಮಾಡಿದರೆ ಗೋಡೆಯ ತೂಕ ಅರ್ಧಕ್ಕಿಳಿಯುತ್ತದೆ, ಆದರೆ ತುದಿಯಲ್ಲಿ ಲೋಹದ ಉಂಗುರ ಕೂರಿಸುವ ಜಾಗದಲ್ಲೇ ಅದು ಹೆಚ್ಚಾಗಿ ಬಿಟ್ಟುಕೊಳ್ಳುವುದು.

ಮುಚ್ಚಳದ ಮೇಲಿನ ಬಲ ಎಷ್ಟೆಂದು ಹಲವರು ಲೆಕ್ಕ ಹಾಕಿಯೇ ಇರುವುದಿಲ್ಲ: 60 ಬಾರ್‌ಗೆ 175 ಕಿಲೋನ್ಯೂಟನ್, ಹತ್ತಿರ ಹತ್ತಿರ 18 ಟನ್. ಸುತ್ತ ಎಂ8 ಬೋಲ್ಟ್ ಹಾಕಿದರೆ ಗಟ್ಟಿ ಉಕ್ಕಿನ ಬೋಲ್ಟ್ ತುಂಡಾಗುವುದಿಲ್ಲ, 3.3 ಮಿ.ಮೀ. ಗೋಡೆಯ ತೂತು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಒಂದು ತೂತು ಸುಮಾರು 10 ಕಿಲೋನ್ಯೂಟನ್‌ಗೆ ಹಿಗ್ಗಲು ಶುರುವಾಗುತ್ತದೆ. ಗುಣಾಂಕ 1.5 ಬೇಕೆಂದರೆ 26 ಬೋಲ್ಟ್, ಎರಡು ಸಾಲಿನಲ್ಲಿ. ತೂತಿನ ಕೇಂದ್ರದಿಂದ ಟ್ಯೂಬಿನ ಅಂಚಿಗೆ ಕನಿಷ್ಠ 16 ಮಿ.ಮೀ. ಇರಲಿ. ಇಲ್ಲವೇ ತುದಿಯಲ್ಲಿ ಮಾತ್ರ ಗೋಡೆ ದಪ್ಪವಿರುವಂತೆ ಟ್ಯೂಬನ್ನು ಕಡೆಸಿ. ಒತ್ತಡ ಪರೀಕ್ಷೆ ನೀರು ತುಂಬಿಯೇ ಮಾಡಿ, 1.5 ಪಟ್ಟಿಗೆ. ಗಾಳಿ ತುಂಬಿ ಮಾಡಿದರೆ ಅದು ಪರೀಕ್ಷೆಯಲ್ಲ, ಬಾಂಬು.

ಗ್ರೇನಿನ ಬಿರುಕಿನ ಲೆಕ್ಕವೂ ಕೇಳಿ, ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಹೆಚ್ಚುತ್ತದೆ. ಒತ್ತಡದ ಘಾತಾಂಕ (ಒತ್ತಡ ಏರಿದಂತೆ ಉರಿಯುವ ವೇಗ ಎಷ್ಟು ಏರುತ್ತದೆಂಬ ಅಂಕಿ) 0.4 ಇರುವ ಇಂಧನದಲ್ಲಿ ಉರಿಯುವ ಮೇಲ್ಮೈ ಶೇ. 10 ಹೆಚ್ಚಾದರೆ ಒತ್ತಡ ಶೇ. 17 ಏರುತ್ತದೆ. ಘಾತಾಂಕ 0.7 ಆದರೆ ಶೇ. 37. ಇದೇ ಕಾರಣಕ್ಕೆ ಗ್ರೇನನ್ನು ಸಾಗಿಸುವಾಗಿನ ಚಳಿ, ಬಿಸಿಲು, ಕುಲುಕಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲೈನರಿನಿಂದ ಗ್ರೇನ್ ಬಿಟ್ಟುಕೊಂಡ ಜಾಗವೂ ಹೊಸ ಮೇಲ್ಮೈಯೇ. ಹೊರಗಿನಿಂದ ಅದು ಕಾಣುವುದಿಲ್ಲ.

ದ್ರವಪಕ್ಷ
ಉರಿಯುವ ಅವಧಿಯೇ ಸಮಸ್ಯೆಯಾದರೆ ಉತ್ತರ ದ್ರವ ಎಂಜಿನ್ನೇ ಅಲ್ಲವೇ? ಜಪಾನಿನ ಇಂಟರ್‌ಸ್ಟೆಲ್ಲರ್ ಟೆಕ್ನಾಲಜೀಸ್‌ನ ಮೋಮೋ-3 2019ರ ಮೇ 4ರಂದು ಹೊಕ್ಕೈಡೊದ ತೈಕಿಯಿಂದ 113.4 ಕಿ.ಮೀ. ಏರಿತು. ಎಥನಾಲ್ ಮತ್ತು ದ್ರವ ಆಮ್ಲಜನಕ, ಒಂದೇ ಹಂತ. ಆದರೆ ಅದು ಒಂದು ಟನ್ ತೂಗುವ ರಾಕೆಟ್, ಮತ್ತು ಅದರ ಹಿಂದಿನ ಮೋಮೋ-2 ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಉಡಾವಣಾ ಕಟ್ಟೆಯ ಮೇಲೇ ಬಿದ್ದು ಉರಿಯಿತು. ಸ್ಪೇನಿನ ಮಿಯುರಾ-1 2023ರ ಅಕ್ಟೋಬರ್‌ನಲ್ಲಿ 46 ಕಿ.ಮೀ. ಮುಟ್ಟಿತು. 2024ರ ಮೇ 30ರಂದು ಶ್ರೀಹರಿಕೋಟಾದಿಂದ ಏರಿದ ಅಗ್ನಿಬಾಣ್ ಸಾರ್ಟೆಡ್‌ನಲ್ಲಿ ಒಂದೇ ತುಂಡಾಗಿ 3ಡಿ ಮುದ್ರಿಸಿದ ಸೆಮಿ-ಕ್ರಯೋಜೆನಿಕ್ (ಸೀಮೆಎಣ್ಣೆ, ದ್ರವ ಆಮ್ಲಜನಕದ) ಎಂಜಿನ್ ಇತ್ತು. ದಾರಿ ಇದೆ, ಅಗ್ಗದ್ದಲ್ಲ ಅಷ್ಟೆ.

ನಿಮ್ಮ ಗಾತ್ರದಲ್ಲಿ ಪಂಪ್ ಸಾಧ್ಯವಿಲ್ಲ, ಟ್ಯಾಂಕಿನ ಒತ್ತಡದಿಂದಲೇ ತಳ್ಳಬೇಕು. ದಹನಕೋಣೆ 20 ಬಾರ್ ಇದ್ದರೆ ಇಂಜೆಕ್ಟರಿನಲ್ಲಿ (ದ್ರವವನ್ನು ಕೋಣೆಗೆ ಚಿಮ್ಮಿಸುವ ತೂತುಗಳು) ಕನಿಷ್ಠ 4 ಬಾರ್ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಕೋಣೆಯ ಒತ್ತಡ ಏರಿಳಿದಂತೆ ಹರಿವೂ ಏರಿಳಿದು ಎಂಜಿನ್ ಗುಡುಗತೊಡಗುತ್ತದೆ. ಪೈಪ್, ವಾಲ್ವ್, ತಂಪುಗೊಳಿಸುವ ಹಾದಿ ಎಲ್ಲ ಸೇರಿ ಟ್ಯಾಂಕಿಗೆ 28–30 ಬಾರ್ ಬೇಕು. ಆ ಟ್ಯಾಂಕಿನ ಗೋಡೆಯೇ ನಿಮ್ಮ ತೂಕ ನುಂಗುತ್ತದೆ.

ಪ್ರಾರಂಭದ ಕ್ರಮದಲ್ಲಿ ಅವಸರ ಬೇಡ. ಇಗ್ನೈಟರ್ (ಬೆಂಕಿ ಹಚ್ಚುವ ಸಾಧನ) ಹೊತ್ತಿದ ಪುರಾವೆ ಸಿಗದೆ ಮುಖ್ಯ ವಾಲ್ವ್ ತೆರೆಯಲೇಬಾರದು. ಇಗ್ನೈಟರ್ ಬಾಯಿಗೆ ಅಡ್ಡಲಾಗಿ ತೆಳು ತಂತಿ ಕಟ್ಟಿ, ಅದು ಸುಟ್ಟು ಕಡಿದ ಮೇಲೆಯೇ ಕಂಪ್ಯೂಟರ್ ಮುಂದುವರಿಯಲಿ. ಮೊದಲು ಇಂಧನ ತುಂಬಿಕೊಂಡು ಆಮೇಲೆ ಕಿಡಿ ಬಿದ್ದರೆ ಕೋಣೆ ಸಿಡಿಯುತ್ತದೆ. ಬಾಲ್ ವಾಲ್ವ್ (ತೂತಿರುವ ಚೆಂಡು ತಿರುಗಿ ತೆರೆಯುವ ವಾಲ್ವ್) ಬಳಸುವವರು ಚೆಂಡಿನಲ್ಲಿ ಟ್ಯಾಂಕಿನ ಕಡೆಗೆ 1–1.5 ಮಿ.ಮೀ. ತೂತು ಕೊರೆಯುವುದನ್ನು ಮರೆಯಬೇಡಿ. ಮುಚ್ಚಿದ ಚೆಂಡಿನೊಳಗೆ ಸಿಕ್ಕಿಬಿದ್ದ ದ್ರವ ಆಮ್ಲಜನಕ ಆವಿಯಾದರೆ ಹೊರದಾರಿ ಇಲ್ಲದೆ ವಾಲ್ವನ್ನೇ ಸೀಳುತ್ತದೆ.

ಎಳೆತಬಲ
ಮೋಮೋ ಒಂದು ಟನ್ ಅನ್ನುವುದನ್ನು ನೀವೇ ಹೇಳಿದಿರಿ. 150 ಕೆ.ಜಿ.ಯಲ್ಲಿ ಒತ್ತಡದ ಟ್ಯಾಂಕು, ಹೀಲಿಯಂ ಬಾಟಲಿ, ವಾಲ್ವು, ನಿಯಂತ್ರಕ ಎಲ್ಲ ಹಾಕಿ ಒಣ ತೂಕ 60ರಲ್ಲಿ ನಿಲ್ಲಿಸಿ ತೋರಿಸಿ ಸರ್. ಆಮೇಲೆ ಮಾತಾಡೋಣ. ನಿಧಾನ ಉರಿದರೆ ಉಡಾವಣಾ ಹಳಿಯಿಂದ (ಮೊದಲ ಕೆಲವು ಮೀಟರ್ ದಿಕ್ಕು ಹಿಡಿಯುವ ಕಂಬಿ) ಬಿಡುವ ವೇಗವೂ ಇಳಿಯುತ್ತದೆ. ಆಗ ಉದ್ದದ ಹಳಿ ಬೇಕು, ಇಲ್ಲವೇ ಎಂಜಿನ್ನನ್ನು ಹೊರಳಿಸಿ ದಿಕ್ಕು ತಿದ್ದಬೇಕು.

ಮೇಲ್ಗಾಳಿ
ಹಾಗಾದರೆ ಹೈಬ್ರಿಡ್? ಉರಿಯಲು ಆಮ್ಲಜನಕ ಕೊಡುವ ನೈಟ್ರಸ್ ಆಕ್ಸೈಡ್ ತನ್ನ ಆವಿಯ ಒತ್ತಡದಿಂದಲೇ ಹರಿಯುತ್ತದೆ, ಪಂಪೂ ಬೇಡ, ಹೀಲಿಯಮ್ಮೂ ಬೇಡ, ಗ್ರೇನಿನಲ್ಲಿ ಬಿರುಕಿನ ಭಯವೂ ಕಡಿಮೆ ಎನ್ನುತ್ತಾರೆ.

ಕವಾಟ_ಕಾವಲು
ಅದರ ಒಳ್ಳೆಯ ಗುಣವೇ ಕೆಟ್ಟ ಗುಣವೂ ಹೌದು. 20 ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು 50 ಬಾರ್, 30ರಲ್ಲಿ 63. 36.4 ಡಿಗ್ರಿ ದಾಟಿದರೆ ದ್ರವ ಎಂಬುದೇ ಇಲ್ಲ. ಬಿಸಿಲಿನಲ್ಲಿ ನಿಂತ ಟ್ಯಾಂಕಿನಲ್ಲಿ ಸಾಂದ್ರತೆ ಕುಸಿದು, ತುಂಬಿದ್ದೇವೆ ಅಂದುಕೊಂಡಷ್ಟು ತೂಕ ತುಂಬಿರುವುದೇ ಇಲ್ಲ. ಹೀಗಾಗಿ ತುಂಬುವಾಗ ಒತ್ತಡ ನೋಡಿ ನಿಲ್ಲಿಸಬೇಡಿ. ರಾಕೆಟ್ಟನ್ನು ಲೋಡ್ ಸೆಲ್‌ಗೆ ತೂಗುಹಾಕಿ, ತೂಕ ನೋಡಿಯೇ ತುಂಬಿ.

ಹೈಬ್ರಿಡ್‌ನಿಂದ ಎತ್ತರ ಸಾಧ್ಯವೇ ಅಂದರೆ, ಸಾಧ್ಯ. ಸ್ಟುಟ್‌ಗಾರ್ಟ್ ವಿದ್ಯಾರ್ಥಿಗಳ ರಾಕೆಟ್ 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಎಸ್ರೇಂಜ್‌ನಿಂದ 64.4 ಕಿ.ಮೀ. ಮುಟ್ಟಿತು.

ಅಪಾಯ ಇಲ್ಲಿದೆ. ನೈಟ್ರಸ್ ತಾನಾಗಿಯೇ ಒಡೆದು ಶಾಖ ಬಿಡುವ ವಸ್ತು. 2007ರ ಜುಲೈನಲ್ಲಿ ಮೊಹಾವೆಯಲ್ಲಿ, ಬೆಂಕಿಯನ್ನೇ ಹಚ್ಚದ, ಬರೀ ನೈಟ್ರಸ್ ಹರಿಸಿ ನೋಡುವ ಪರೀಕ್ಷೆಯಲ್ಲಿ ಸ್ಫೋಟವಾಗಿ ಮೂವರು ಸತ್ತರು. ಟ್ಯಾಂಕಿನಲ್ಲಿ ಎಣ್ಣೆ, ಗ್ರೀಸ್, ಪ್ಲಾಸ್ಟಿಕ್ ಪುಡಿ ಯಾವುದೂ ಇರಕೂಡದು. ಆವಿಯ ಭಾಗವೇ ದ್ರವಕ್ಕಿಂತ ಅಪಾಯಕಾರಿ. ಬಾಲ್ ವಾಲ್ವನ್ನು ಥಟ್ಟನೆ ತೆರೆದರೆ ಮುಂದಿನ ಮುಚ್ಚಿದ ಪೈಪಿನಲ್ಲಿ ಆವಿ ಒತ್ತಿಕೊಂಡು ಬಿಸಿಯಾಗುತ್ತದೆ, ಅದು ಸಿಡಿಯಲು ಅಷ್ಟು ಸಾಕು. ತುಂಬುವುದೂ ಖಾಲಿ ಮಾಡುವುದೂ ದೂರದಿಂದಲೇ. ಕರೆಂಟ್ ಹೋದರೆ ಖಾಲಿ ಮಾಡುವ ವಾಲ್ವ್ ತಾನಾಗಿ ತೆರೆದುಕೊಳ್ಳಬೇಕು. ಆಜ್ಞೆ ಕೊಟ್ಟರೆ ಮಾತ್ರ ತೆರೆಯುವ ವಾಲ್ವ್ ಹಾಕಿದರೆ, ಸಂಪರ್ಕ ತಪ್ಪಿದ ದಿನ ತುಂಬಿದ ಟ್ಯಾಂಕಿನ ಹತ್ತಿರ ಯಾರೋ ನಡೆದು ಹೋಗಬೇಕಾಗುತ್ತದೆ.

ಗ್ರೇನ್_ಗಣಿತ
ಮೋಮೋ ಬಿಟ್ಟು, ಇದುವರೆಗೆ 100 ಕಿ.ಮೀ. ಆಸುಪಾಸು ಮುಟ್ಟಿದ ಕೆಲವು ಖಾಸಗಿ, ಹವ್ಯಾಸಿ ರಾಕೆಟ್‌ಗಳನ್ನು ನೋಡಿ. 2004ರ ಮೇ 17ರ ಗೋಫಾಸ್ಟ್, ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ. ಯುಪಿ ಏರೋಸ್ಪೇಸ್‌ನ ಸ್ಪೇಸ್‌ಲಾಫ್ಟ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಟ್ರಾವೆಲರ್-4, 2019ರ ಏಪ್ರಿಲ್ 21ರಂದು 103.6 ಕಿ.ಮೀ. ಅವರದ್ದೇ ಆಫ್ಟರ್‌ಶಾಕ್-2, 2024ರ ಅಕ್ಟೋಬರ್ 20ರಂದು 143 ಕಿ.ಮೀ. ಸ್ಕೈರೂಟ್‌ನ 545 ಕೆ.ಜಿ. ವಿಕ್ರಮ್-ಎಸ್, 2022ರ ನವೆಂಬರ್ 18ರಂದು 89.5 ಕಿ.ಮೀ. ಐದೂ ಘನ ಇಂಧನ, ಐದೂ ಒಂದೇ ಹಂತ. ಇದು ಕಾಕತಾಳೀಯವಲ್ಲ.

ರೆಕ್ಕೆಪುಕ್ಕ
ಮೋಟಾರಿನ ಜಗಳ ಮುಗಿದಿದ್ದರೆ ಫಿನ್ ಕಡೆ ನೋಡೋಣ, ಯಾಕೆಂದರೆ ಮೋಟಾರ್ ಸರಿಯಾಗಿ ಉರಿದರೂ ರಾಕೆಟ್ ಚೂರಾಗುವುದು ಇಲ್ಲಿ.

ಮೊದಲು ಸ್ಥಿರತೆ. ಫಿನ್ನಿನ ಎತ್ತುವ ಶಕ್ತಿ ಶಬ್ದಾತೀತ ವೇಗದಲ್ಲಿ 4/√(ಮ್ಯಾಕ್²−1) ಪ್ರಕಾರ ಇಳಿಯುತ್ತದೆ. ಮ್ಯಾಕ್ 2ರಲ್ಲಿ 2.3, ಮ್ಯಾಕ್ 5ರಲ್ಲಿ 0.8. ನೋಸ್‌ಕೋನಿನದು ಹೆಚ್ಚೇನೂ ಇಳಿಯುವುದಿಲ್ಲ. ಹಾಗಾಗಿ ಒತ್ತಡಕೇಂದ್ರ (ಗಾಳಿಯ ಬಲ ಒಟ್ಟಾಗಿ ಬೀಳುವ ಬಿಂದು) ಮುಂದಕ್ಕೆ, ಗುರುತ್ವಕೇಂದ್ರದ ಹತ್ತಿರಕ್ಕೆ ಸರಿಯುತ್ತದೆ. ಹಳಿ ಬಿಡುವಾಗ ಎರಡು ವ್ಯಾಸದಷ್ಟಿದ್ದ ಇವೆರಡರ ನಡುವಿನ ಅಂತರ ಮ್ಯಾಕ್ 5ರಲ್ಲಿ ಒಂದಕ್ಕಿಂತ ಕಡಿಮೆಯಾಗಬಹುದು, ಅದೂ ಗಾಳಿಯ ಒತ್ತಡ ತುತ್ತತುದಿಯಲ್ಲಿರುವಾಗ. ಅಂತರದ ಲೆಕ್ಕವನ್ನು ಗರಿಷ್ಠ ಮ್ಯಾಕ್‌ನಲ್ಲಿ ಹಾಕಿ, ಅಲ್ಲಿ ಎರಡು ಉಳಿಯಲಿ. ಇಂಧನ ಹಿಂದಿರುವುದರಿಂದ ಅದು ಕರಗಿದಂತೆ ಗುರುತ್ವಕೇಂದ್ರವೂ ಮುಂದೆ ಬರುತ್ತದೆ, ಅದಷ್ಟೇ ನಿಮ್ಮ ಪುಣ್ಯ.

ಎರಡನೆಯದು ಫ್ಲಟರ್. ಫಿನ್ ಬಾಗುವುದೂ ತಿರುಚುವುದೂ ಒಂದಕ್ಕೊಂದು ತಾಳ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಿತ್ತು ಹೋಗುತ್ತದೆ. ಫ್ಲಟರ್ ವೇಗ ದಪ್ಪದ ಒಂದೂವರೆ ಘಾತದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ವೇಗ 2.8 ಪಟ್ಟು. ಚಾಚು ಹೆಚ್ಚಿಸಿದರೆ ಅದೇ ವೇಗದಲ್ಲಿ ಕುಸಿಯುತ್ತದೆ. ಸ್ಥಿರತೆ ಸಾಲದೆಂದು ಫಿನ್ನನ್ನು ಉದ್ದ ಮಾಡಿ ದಪ್ಪವನ್ನು ಹಾಗೇ ಬಿಡುವುದು ಅತಿ ಸಾಮಾನ್ಯ ತಪ್ಪು.

ಮೂರನೆಯದು ಬಿಸಿ. ಮ್ಯಾಕ್ 5.4ರಲ್ಲಿ, ಹೊರಗಿನ ಗಾಳಿ ಮೈನಸ್ 56 ಡಿಗ್ರಿ ಇದ್ದರೂ, ಫಿನ್ ಅಂಚಿನಲ್ಲಿ ನಿಂತ ಗಾಳಿ 1,200 ಡಿಗ್ರಿ ಮುಟ್ಟುತ್ತದೆ. ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ, 200 ದಾಟಿದಾಗಿನಿಂದಲೇ ಅದರ ಬಲ ಇಳಿಮುಖ. ಸಾಮಾನ್ಯ ಎಪಾಕ್ಸಿ 120–180ರಲ್ಲಿ ಮೆತ್ತಗಾಗುತ್ತದೆ. ಬಿಸಿ ಇರುವುದು ಕೆಲವೇ ಸೆಕೆಂಡ್, ಹೀಗಾಗಿ ದಪ್ಪ ಲೋಹ ಶಾಖ ಹೀರಿಕೊಂಡು ತಡೆದುಕೊಳ್ಳುತ್ತದೆ, ತೆಳ್ಳನೆ ಅಂಚು ತಡೆಯುವುದಿಲ್ಲ. ಅಂಚಿಗೆ ಸ್ಟೇನ್‌ಲೆಸ್ ಅಥವಾ ಟೈಟೇನಿಯಂ ಪಟ್ಟಿ ಕೂರಿಸಿ, ಚೂಪು ತುದಿಯನ್ನು 1 ಮಿ.ಮೀ. ದುಂಡಾಗಿಸಿ. ಆಫ್ಟರ್‌ಶಾಕ್-2ರಲ್ಲೂ ಫಿನ್ ಅಂಚಿಗೆ ಟೈಟೇನಿಯಂ ಹಾಕಿದ್ದರು. ಫಿನ್ ಬುಡವನ್ನು ಬರೀ ಅಂಟಿನ ಮೇಲೆ ಬಿಡಬೇಡಿ. ಬೋಲ್ಟ್ ಮಾಡಿದ ಫಿನ್ ಕ್ಯಾನ್ (ಫಿನ್‌ಗಳನ್ನು ಹಿಡಿಯುವ ಕೊಳವೆ) ಮೂರು ಕೆ.ಜಿ. ಹೆಚ್ಚು ತೂಗಿದರೂ ಆ ತೂಕ ಕೊಡಲೇಬೇಕಾದದ್ದು.

ಬುಗುರಿ
ತಿರುಗುವಿಕೆಯನ್ನು ಮೇಲೆ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ಅದು ಅಷ್ಟು ಚಿಕ್ಕ ವಿಷಯವಲ್ಲ. ಈ ಗಾತ್ರದಲ್ಲಿ ಫಿನ್ನನ್ನು ಕಾಲು ಡಿಗ್ರಿ ಓರೆ ಮಾಡಿದರೆ 1,600 ಮೀ/ಸೆಗೆ ಸೆಕೆಂಡಿಗೆ 4 ಸುತ್ತಿನ ಆಸುಪಾಸು ಬರುತ್ತದೆ. ಇತ್ತ ರಾಕೆಟ್ ಮೂತಿ ಅಲುಗಾಡುವ ಸಹಜ ಆವರ್ತನ ಅದೇ ಹೊತ್ತಿಗೆ 3–4 ಹರ್ಟ್ಸ್. ಎರಡೂ ಒಂದಾದರೆ ಅನುರಣನ: ಸಣ್ಣ ವಕ್ರತೆಯೂ ಪ್ರತಿ ಸುತ್ತಿಗೂ ಬೆಳೆದು ರಾಕೆಟ್ ಶಂಕುವಿನಂತೆ ಓಲಾಡಿ ಮುರಿಯುತ್ತದೆ.

ಎರಡೂ ವೇಗದ ಜೊತೆ ಏರುತ್ತವೆ, ಆದರೆ ಮೂತಿಯ ಆವರ್ತನ ಗಾಳಿ ತೆಳುವಾದಂತೆ ಹಿಂದೆ ಬೀಳುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ತಿರುಗುವಿಕೆ ಅದನ್ನು ದಾಟಿಯೇ ತೀರಬೇಕು. ಕೆಟ್ಟದ್ದು ದಾಟುವುದಲ್ಲ, ಅಲ್ಲೇ ಅಂಟಿಕೊಳ್ಳುವುದು. ಓರೆ ಮಾಡದೆ ನೇರ ಬಿಟ್ಟರೆ ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ಜೋಡಣೆಯಲ್ಲಿ 0.1 ಡಿಗ್ರಿ ತಪ್ಪಿದರೂ ಸುಮಾರು 2 ಹರ್ಟ್ಸ್ ಬರುತ್ತದೆ, ಆಗ ದಾಟುವಿಕೆ ನಿಮಗೆ ಗೊತ್ತಿಲ್ಲದ ಎತ್ತರದಲ್ಲಿ ಆಗುತ್ತದೆ. ಓರೆಯನ್ನು ಬೇಕೆಂದೇ ಇಟ್ಟು, ಎಲ್ಲಿ ದಾಟುತ್ತದೆಂದು ಲೆಕ್ಕದಲ್ಲಿ ತಿಳಿದಿರುವುದೇ ಸರಿ. ನಾಲ್ಕೂ ಫಿನ್ನಿನ ಕೋನವನ್ನು ಜಿಗ್ ಮೇಲೆ ಡಯಲ್ ಗೇಜ್ ಇಟ್ಟು ಅಳೆಯಿರಿ. 300 ಮಿ.ಮೀ. ಉದ್ದದ ಫಿನ್ನಿಗೆ 0.1 ಡಿಗ್ರಿ ಅಂದರೆ ಅರ್ಧ ಮಿ.ಮೀ.

ಗಾಳಿ ದಾಟಿದ ಮೇಲೆ ತಿರುಗುವಿಕೆ ನಿಲ್ಲುವುದಿಲ್ಲ, ನಿಲ್ಲಿಸಲು ಗಾಳಿಯೇ ಇಲ್ಲ. ಸ್ಥಿರವಾಗಿರಬೇಕಾದ ಉಪಕರಣವಿದ್ದರೆ ಯೋ-ಯೋ ಹಾಕಿ: ದಾರಕ್ಕೆ ಕಟ್ಟಿದ ಎರಡು ಸಣ್ಣ ತೂಕಗಳು ಬಿಚ್ಚಿಕೊಂಡು ಹಾರಿ, ತಿರುಗುವ ಆವೇಗವನ್ನೆಲ್ಲ ಹೊತ್ತೊಯ್ಯುತ್ತವೆ. ದಾರ ಒಂದೇ ಬದಿಯದು ಬಿಟ್ಟುಕೊಂಡರೆ ಮಾತ್ರ ತಲೆಕೆಳಗು. ಎರಡನ್ನೂ ಒಂದೇ ಕಟರ್ ಕಡಿಯುವಂತೆ ಮಾಡಿ.

ಮೇಲ್ಗಾಳಿ
ಒಣ ತೂಕದ ಪಟ್ಟಿ ಮಾಡಿ ನೋಡಿದೆ: ಮೋಟಾರ್ ಭಾಗ 30, ಫಿನ್ ಕ್ಯಾನ್ 8, ನೋಸ್‌ಕೋನ್ ಮತ್ತು ಮೇಲಿನ ಟ್ಯೂಬ್ 7, ಎಲೆಕ್ಟ್ರಾನಿಕ್ಸ್ 3, ಉಪಕರಣ 5. ಪ್ಯಾರಾಚೂಟ್, ಬೇರ್ಪಡಿಸುವ ವ್ಯವಸ್ಥೆಗೆ ಉಳಿದದ್ದು 7. ಎರಡು ಹಂತದ ಬಗ್ಗೆ ಯಾರೂ ಹೇಳಲಿಲ್ಲ. ಶಿಖರದಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಸಾಕೇ?

ಎಳೆತಬಲ
ಎರಡು ಹಂತ ತೂಕದಲ್ಲಿ ಗೆಲ್ಲುತ್ತದೆ. ಮೊದಲ ಹಂತ ಬಿದ್ದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಏರಿ, ತೆಳುಗಾಳಿಯಲ್ಲಿ ಎರಡನೆಯದನ್ನು ಹೊತ್ತಿಸಬಹುದು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಏರಿದ ನೈಕಿ-ಅಪಾಚೆ ಎರಡು ಹಂತದ್ದೇ. ಆದರೆ ಮೇಲೆ ಕಡಿಮೆ ಒತ್ತಡದಲ್ಲಿ ಹೊತ್ತಿಸುವ ಇಗ್ನೈಟರ್ ಬೇರೆಯೇ ವಿದ್ಯೆ, ಮತ್ತು ವಾಲಿದ ರಾಕೆಟ್ಟಿನಲ್ಲಿ ಎರಡನೆಯ ಮೋಟಾರ್ ಹೊತ್ತಿದರೆ ಅದು ಎಲ್ಲಿ ಬೀಳುತ್ತದೆಂದು ಹೇಳುವವರಿಲ್ಲ. ಗೈರೋ ನೋಡಿ, ನಿಗದಿತ ಕೋನಕ್ಕಿಂತ ಹೆಚ್ಚು ವಾಲಿದ್ದರೆ ಹೊತ್ತಿಸದಿರುವ ಬೀಗ ಕಡ್ಡಾಯ. ಮೊದಲ ರಾಕೆಟ್ಟಿಗೆ ಬೇಡ.

ಕೊಡೆ_ಇಳಿತ
ಶಿಖರದಲ್ಲಿ ಗಾಳಿಯೇ ಇಲ್ಲ, ಪ್ಯಾರಾಚೂಟ್ ಅರಳುವುದು ಯಾವುದರಿಂದ? ಅಲ್ಲಿ ಮಾಡಬೇಕಾದ್ದು ಒಂದೇ, ರಾಕೆಟ್ಟಿನ ಆಕಾರ ಕೆಡಿಸುವುದು.

ಲೆಕ್ಕ ಹೀಗೆ. ಮೂತಿ ಕೆಳಗೆ ಮಾಡಿ ಬಂದರೆ 60 ಕೆ.ಜಿ. ರಾಕೆಟ್ ಶಬ್ದಾತೀತವಾಗಿಯೇ ನೆಲ ಹೊಗುತ್ತದೆ. ಅದೇ ನೋಸ್‌ಕೋನ್ ಬೇರ್ಪಟ್ಟು, ಹಗ್ಗದಲ್ಲಿ ಜೋತು, ಉದ್ದ ಟ್ಯೂಬ್ ಅಡ್ಡಡ್ಡ ಉರುಳುತ್ತಾ ಬಂದರೆ ಗಾಳಿಗೆ ಒಡ್ಡುವ ಮೇಲ್ಮೈ 0.03ರ ಬದಲು 0.9 ಚದರ ಮೀಟರ್. 35 ಕಿ.ಮೀ. ಆಸುಪಾಸಿನಲ್ಲೇ ವೇಗ ಭರ್ರನೆ ಇಳಿಯುತ್ತದೆ, ನೆಲದ ಹತ್ತಿರ 33 ಮೀ/ಸೆ ಮಾತ್ರ. ಒಂದೂ ಬಟ್ಟೆ ಬಿಚ್ಚದೆ ಇಷ್ಟು ಸಿಗುತ್ತದೆ. ಮುಖ್ಯ ಪ್ಯಾರಾಚೂಟ್ 1.2 ಕಿ.ಮೀ.ಯಲ್ಲಿ ಬಿಚ್ಚಲಿ. 60 ಕೆ.ಜಿ.ಗೆ 7 ಮೀ/ಸೆ ಬೇಕಾದರೆ 5.5 ಮೀಟರ್ ವ್ಯಾಸ. 33 ಮೀ/ಸೆಯಲ್ಲಿ ಅದು ಒಮ್ಮೆಲೇ ಅರಳಿದರೆ 12 ಕಿಲೋನ್ಯೂಟನ್ ಎಳೆತ, ಅಂದರೆ 20 ಜಿ (ಗುರುತ್ವದ 20 ಪಟ್ಟು), ಮೇಲೆ ಅರಳುವ ಹೊಡೆತ ಬೇರೆ. ನಿಧಾನ ಅರಳುವಂತೆ ಸ್ಲೈಡರ್ ಅಥವಾ ರೀಫಿಂಗ್ ಹಾಕಿ. ಎತ್ತರದಲ್ಲಿ ಹೊರಗೆ ನೇತಾಡುವ ಹಗ್ಗವೆಲ್ಲ ಬಿಸಿ ತಾಳುವ ಕೆವ್ಲಾರ್ ನಾರಿನದಾಗಿರಲಿ, ನೈಲಾನ್ ಸುಮಾರು 255 ಡಿಗ್ರಿಗೆ ಕರಗುತ್ತದೆ.

ಬೇರ್ಪಡಿಸುವ ಕರಿಮದ್ದಿನ ಬಗ್ಗೆ: ಬಯಲಿನಲ್ಲಿಟ್ಟ ಕರಿಮದ್ದು ನಿರ್ವಾತದಲ್ಲಿ ಪೂರ್ತಿ ಉರಿಯುವುದಿಲ್ಲ. ಕಿಡಿ ಹೊತ್ತುತ್ತದೆ, ಉರಿಯದ ಪುಡಿ ಚದುರುತ್ತದೆ, ನೋಸ್‌ಕೋನ್ ಅಲ್ಲೇ ಕೂತಿರುತ್ತದೆ. ಗಾಳಿಯಾಡದ ಗಟ್ಟಿ ಕೊಳವೆಯಲ್ಲಿ ಮುಚ್ಚಿಡಬೇಕು, ಇಲ್ಲವೇ ಸ್ಪ್ರಿಂಗ್, ಸಾರಜನಕದ ಪಿಸ್ಟನ್ ಬಳಸಬೇಕು. ಪರೀಕ್ಷೆಯನ್ನು ವ್ಯಾಕ್ಯೂಮ್ ಚೇಂಬರಿನಲ್ಲಿ ಮಾಡಿ. ನೆಲದ ಮೇಲೆ ಢಂ ಎಂದು ಬಿಚ್ಚಿಕೊಂಡದ್ದು ಯಾವುದಕ್ಕೂ ಪುರಾವೆಯಲ್ಲ.

ಇದರ ತದ್ವಿರುದ್ಧ ತೊಂದರೆಯೂ ಇದೆ, ಬೇಗ ಬಿಚ್ಚಿಕೊಳ್ಳುವುದು. ನೋಸ್‌ಕೋನಿನೊಳಗೆ ನೆಲದ ಗಾಳಿ ಸಿಕ್ಕಿಕೊಂಡೇ ಮೇಲೆ ಹೋದರೆ 200 ಮಿ.ಮೀ. ವ್ಯಾಸದ ಮೇಲೆ 3,180 ನ್ಯೂಟನ್, 320 ಕೆ.ಜಿ. ತೂಕದಷ್ಟು ಬಲ. ನೈಲಾನ್ ಎಂ3 ಪಿನ್ ನಾಲ್ಕು ಸೇರಿ ಅದರ ಮೂರನೇ ಒಂದು ಪಾಲನ್ನೂ ತಡೆಯುವುದಿಲ್ಲ. 10 ಲೀಟರ್ ಕೋಣೆಗೆ 6 ಮಿ.ಮೀ.ನ ಮೂರು ತೂತು ಕೊರೆದರೆ ಒಳಗಿನ ಒತ್ತಡ ಹೊರಗಿನದನ್ನು ಸುಮಾರು ಒಂದು ಸೆಕೆಂಡ್ ಹಿಂದಿನಿಂದ ಹಿಂಬಾಲಿಸುತ್ತದೆ. ತೂತು ನೋಸ್‌ಕೋನಿನ ಮೇಲೆ ಬೇಡ, ಬಿಸಿ ಗಾಳಿ ಒಳನುಗ್ಗುತ್ತದೆ. ನೇರ ಟ್ಯೂಬಿನ ಮೇಲೆ, ಕೋನ್ ಮುಗಿದ ಜಾಗದಿಂದ ನಾಲ್ಕು ವ್ಯಾಸ ಹಿಂದೆ ಇರಲಿ.

ತರಂಗದೂರ
ಯಾವಾಗ ಬಿಚ್ಚಬೇಕೆಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ ಎಂಬುದು ಬಾಕಿ ಇದೆ. ಒತ್ತಡ ಮಾಪಕವನ್ನು ನಂಬಬೇಡಿ, ಸಾಮಾನ್ಯ ಚಿಪ್‌ಗಳು 10 ಮಿಲಿಬಾರ್‌ಗೆ, ಅಂದರೆ 31 ಕಿ.ಮೀ.ಗೆ ಕೈ ಚೆಲ್ಲುತ್ತವೆ. ಜಿಪಿಎಸ್ ಮಾಡ್ಯೂಲ್‌ಗಳಿಗೆ ವೇಗ, ಎತ್ತರದ ಮಿತಿ ಇದೆ. ಯು-ಬ್ಲಾಕ್ಸ್ ಕಂಪನಿಯ 8ನೇ ಪೀಳಿಗೆಯ ಮಾಡ್ಯೂಲ್‌ನಲ್ಲಿ 4 ಜಿ ಮೋಡ್ ಹಾಕಿದರೂ 50 ಕಿ.ಮೀ., 500 ಮೀ/ಸೆ. ನಿಮ್ಮ ರಾಕೆಟ್ ಆರೇಳು ಸೆಕೆಂಡಿನಲ್ಲೇ ಆ ವೇಗ ದಾಟುತ್ತದೆ. ಮಿತಿ ತೆಗೆದ ರಿಸೀವರ್ ಸಿಗದಿದ್ದರೆ ಜಿಪಿಎಸ್ ಇಳಿಯುವಾಗ ಹುಡುಕಲು ಮಾತ್ರ ಅಂದುಕೊಳ್ಳಿ.

ಉಳಿದದ್ದು ಆಕ್ಸಿಲರೋಮೀಟರ್ ಮತ್ತು ಟೈಮರ್. ಅಷ್ಟು ಸಾಕು. ಶಿಖರ ಬರುವುದು ಸುಮಾರು 155 ಸೆಕೆಂಡಿಗೆ. ಗಾಳಿಯಿಲ್ಲದ ಜಾಗದಲ್ಲಿ ನಿಖರತೆಯ ಹಠ ಬೇಕಿಲ್ಲ. ಹತ್ತು ಸೆಕೆಂಡ್ ತಡವಾಗಿ ಬಿಚ್ಚಿದರೂ ರಾಕೆಟ್ ಅರ್ಧ ಕಿ.ಮೀ. ಇಳಿದಿರುತ್ತದೆ ಅಷ್ಟೆ, ಅಲ್ಲಿನ ಗಾಳಿ ಏನೂ ಮಾಡುವುದಿಲ್ಲ. 10 ಕಿ.ಮೀ. ರಾಕೆಟ್ಟಿನಲ್ಲಿ ಹತ್ತು ಸೆಕೆಂಡ್ ತಪ್ಪಿದರೆ ಪ್ಯಾರಾಚೂಟ್ ಚಿಂದಿ. ಎರಡು ಪ್ರತ್ಯೇಕ ಕಂಪ್ಯೂಟರ್, ಎರಡು ಬ್ಯಾಟರಿ, ಎರಡು ಸ್ವಿಚ್ ಇರಲಿ. ಮುಖ್ಯ ಪ್ಯಾರಾಚೂಟಿಗೆ ಮಾತ್ರ ಒತ್ತಡ ಮಾಪಕ ಬಳಸಿ, ಅದೂ ಶಿಖರ ಕಳೆದ ಮೇಲೆಯೇ ಸಕ್ರಿಯವಾಗುವಂತೆ.

ಚೀಲದಂಥ ಲಿಥಿಯಂ ಪಾಲಿಮರ್ ಬ್ಯಾಟರಿ ನಿರ್ವಾತದಲ್ಲಿ ಊದಿಕೊಳ್ಳುತ್ತದೆ, ಗಟ್ಟಿ ಲೋಹದ ಸೆಲ್ ಹಾಕಿ. ಇಂಧನ ಮುಗಿಯುವ ಹೊತ್ತಿಗೆ, ಗಾಳಿಯ ಎಳೆತ ಬಿಟ್ಟು ಲೆಕ್ಕ ಹಾಕಿದರೆ, 22 ಜಿ ಇರುತ್ತದೆ, ಹೋಲ್ಡರಿನ ಸ್ಪ್ರಿಂಗ್ ಒತ್ತಿಕೊಂಡು ಒಂದು ಕ್ಷಣ ಸಂಪರ್ಕ ತಪ್ಪಿದರೆ ಕಂಪ್ಯೂಟರ್ ಮರುಪ್ರಾರಂಭವಾಗಿ ತಾನಿನ್ನೂ ನೆಲದ ಮೇಲಿದ್ದೇನೆ ಅಂದುಕೊಳ್ಳುತ್ತದೆ. ಸೆಲ್‌ಗೆ ಪಟ್ಟಿ ಬೆಸುಗೆ ಹಾಕಿಸಿ. ಆಂಟೆನಾ ಇರುವ ಭಾಗ ಗ್ಲಾಸ್ ಫೈಬರ್ ಆಗಿರಬೇಕು, ಕಾರ್ಬನ್ ಫೈಬರ್ ರೇಡಿಯೋ ಅಲೆಯನ್ನು ಹೊರಗೆ ಬಿಡುವುದಿಲ್ಲ. 300 ವೋಲ್ಟ್ ಮೀರಿದ ಉಪಕರಣವಿದ್ದರೆ ಏರುವಾಗ ಆಫ್ ಇಟ್ಟು, 80 ಕಿ.ಮೀ. ದಾಟಿದ ಮೇಲೆ ಆನ್ ಮಾಡಿ. ನಡುವಿನ ತೆಳುಗಾಳಿಯಲ್ಲೇ ವಿದ್ಯುತ್ ಕಿಡಿ ಸುಲಭವಾಗಿ ಹಾರುವುದು.

ಸುರಕ್ಷಾವಲಯ
ಇಷ್ಟೆಲ್ಲ ಆದ ಮೇಲೆ ಎಲ್ಲಿಂದ ಹಾರಿಸುತ್ತೀರಿ? ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೂ 100 ಕಿ.ಮೀ. ಶಿಖರಕ್ಕೆ ಲಂಬದಿಂದ ಒಂದು ಡಿಗ್ರಿ ವಾಲಿದರೆ ಬೀಳುವ ಜಾಗ 7 ಕಿ.ಮೀ. ಸರಿಯುತ್ತದೆ. ಹಳಿಯನ್ನು 85 ಡಿಗ್ರಿಗೆ ಇಟ್ಟರೆ 35 ಕಿ.ಮೀ. ದೂರ. ಉರಿಯುವಾಗ ಗುರುತ್ವ ಮತ್ತಷ್ಟು ಬಾಗಿಸುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು.

ವಾಲುವಿಕೆಯ ದೊಡ್ಡ ಪಾಲು ಹಳಿ ಬಿಟ್ಟ ಮೊದಲ ಕೆಲವು ಸೆಕೆಂಡಿನಲ್ಲೇ ಆಗುತ್ತದೆ. ನಿಮ್ಮ ನೂಕುಬಲ ತೂಕದ 9 ಪಟ್ಟು ಹತ್ತಿರ ಇರುವುದರಿಂದ 30 ಮೀ/ಸೆಗೆ ಸುಮಾರು 6 ಮೀಟರ್ ಹಳಿ ಸಾಕು. ಆದರೆ 30ರಲ್ಲಿ ಬಿಟ್ಟರೆ 5 ಮೀ/ಸೆ ಅಡ್ಡಗಾಳಿಗೆ ಹತ್ತಿರ ಹತ್ತು ಡಿಗ್ರಿ ಕೋನ ಬೀಳುತ್ತದೆ. 10–12 ಮೀಟರ್ ಹಳಿ ಹಾಕಿ. ಉಡಾವಣೆಗೆ ಮುನ್ನ ಬಲೂನು ಬಿಟ್ಟು ಪದರ ಪದರವಾಗಿ ಗಾಳಿ ಅಳೆದು, ಕೆಳಗಿನ ಪದರಕ್ಕೆ ಹೆಚ್ಚು ತೂಕ ಕೊಟ್ಟು ಹಳಿಯ ಕೋನ ತಿದ್ದಬೇಕು. ಅಳತೆಗೂ ಉಡಾವಣೆಗೂ ನಡುವೆ ಗಾಳಿ ಬದಲಾದರೆ ಮತ್ತೆ ಅಳೆಯಿರಿ.

ಹೀಗಾಗಿಯೇ ಎಲ್ಲರೂ ಸಮುದ್ರತೀರ ಅಥವಾ ಮರುಭೂಮಿ ಹುಡುಕುವುದು. ಅಮೆರಿಕದಲ್ಲಿ ಹವ್ಯಾಸಿ ರಾಕೆಟ್ ಎಂಬ ವರ್ಗಕ್ಕೆ 8,89,600 ನ್ಯೂಟನ್-ಸೆಕೆಂಡ್ ಮತ್ತು 150 ಕಿ.ಮೀ. ಮಿತಿ ಇದೆ. ನಿಮ್ಮದು 1,94,000 ನ್ಯೂಟನ್-ಸೆಕೆಂಡ್, ಒಳಗೇ ಬರುತ್ತದೆ. ಭಾರತದಲ್ಲಾದರೆ ಇನ್-ಸ್ಪೇಸ್ (ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಅನುಮತಿ ಬೇಕು. ಎಲ್ಲೇ ಆಗಲಿ ವಿಮಾನಗಳಿಗೂ ಹಡಗುಗಳಿಗೂ ಮುನ್ಸೂಚನೆ ಹೊರಡಿಸದೆ ಹಾರಿಸುವ ಪ್ರಶ್ನೆಯೇ ಇಲ್ಲ. ಅನುಮತಿ ಕೊಡುವವರು ಮೊದಲು ಕೇಳುವುದು ಎತ್ತರವನ್ನಲ್ಲ, ಬೀಳುವ ಜಾಗದ ಹರಡುವಿಕೆಯ ನಕ್ಷೆಯನ್ನು. ನೂಕುಬಲ, ತೂಕ, ಫಿನ್ ಕೋನ, ಗಾಳಿ ಎಲ್ಲವನ್ನೂ ಅವುಗಳ ದೋಷದ ಮಿತಿಯಲ್ಲಿ ಬದಲಿಸುತ್ತಾ ಸಾವಿರಾರು ಸಲ ಸಿಮ್ಯುಲೇಶನ್ ಓಡಿಸಿ ಆ ನಕ್ಷೆ ಮಾಡಬೇಕು.

ಮೇಲ್ಗಾಳಿ
ಘನ, ಒಂದೇ ಹಂತ, ಅಲ್ಲಿಗೆ ನಿರ್ಧಾರ. ಇಳಿಸುವ ವ್ಯವಸ್ಥೆಯ 7 ಕೆ.ಜಿ. ಹಾಗೇ ಇಟ್ಟು, ಒಣ ತೂಕ 66 ಆದರೂ 100 ಮುಟ್ಟುವಂತೆ ಇಂಧನ 110ಕ್ಕೆ ಏರಿಸುತ್ತೇನೆ. ಮೋಟಾರ್ ಅಷ್ಟೇ ವ್ಯಾಸದಲ್ಲಿ ಉದ್ದವಾಗುತ್ತದೆ.

ಗ್ರೇನ್_ಗಣಿತ
ಉದ್ದ ಮಾಡುವ ಮೊದಲು ನಡುವಿನ ತೂತನ್ನು ನೋಡಿ. ಅದರ ವಿಸ್ತೀರ್ಣ ನಾಜಲ್ ಕಂಠದ ವಿಸ್ತೀರ್ಣದ ಎರಡು ಪಟ್ಟಾದರೂ ಇರಬೇಕು. ಗ್ರೇನ್ ಉದ್ದವಾದಂತೆ ಹಿಂಭಾಗದಲ್ಲಿ ಅನಿಲ ವೇಗವಾಗಿ ಹರಿದು ಇಂಧನವನ್ನು ಕೊರೆಯುತ್ತದೆ, ಪ್ರಾರಂಭದಲ್ಲೇ ಒತ್ತಡ ಜಿಗಿಯುತ್ತದೆ. ಹಿಂದಿನ ಒಂದೆರಡು ಗ್ರೇನಿನ ತೂತನ್ನು 60ರ ಬದಲು 70 ಮಾಡಿ. ಮೊದಲು ನೆಲದ ಮೇಲೆ ಪೂರ್ಣ ಗಾತ್ರದ ಮೋಟಾರನ್ನೇ ಉರಿಸಿ, ಒತ್ತಡದ ಗೆರೆಯ ಮೊದಲ ಅರ್ಧ ಸೆಕೆಂಡನ್ನು ಇಲ್ಲಿ ಹಾಕಿ, ನೋಡೋಣ.

ರೆಕ್ಕೆಪುಕ್ಕ
ಉದ್ದವಾದರೆ ರಾಕೆಟ್ ಬಾಗುವುದೂ ಹೆಚ್ಚುತ್ತದೆ. ಎರಡು ಟ್ಯೂಬನ್ನು ಒಳಗಿನಿಂದ ಜೋಡಿಸುವ ಕಪ್ಲರ್ ಎರಡೂ ಬದಿಗೆ ತಲಾ ಒಂದೂವರೆ ವ್ಯಾಸ, ಅಂದರೆ 300 ಮಿ.ಮೀ. ಒಳಗೆ ಹೋಗಿರಲಿ. ಫ್ಲಟರ್ ಲೆಕ್ಕವನ್ನೂ ಹೊಸ ಗರಿಷ್ಠ ವೇಗಕ್ಕೆ ಮತ್ತೆ ಹಾಕಬೇಕು.